ಕಿಡ್ನಿಯ ಗಾತ್ರ ಅಳೆದವರು

ಕ್ರಿಯಾಟಿನಿನ್ ನಾರ್ಮಲ್ ಎಂದು ರಿಪೋರ್ಟ್ ಬಂದರೂ ಪಾಲಿಸಿಸ್ಟಿಕ್ ಕಿಡ್ನಿ ಕಾಯಿಲೆ ಒಳಗೊಳಗೇ ಬೆಳೆಯುತ್ತಿರುತ್ತದೆ. ವಂಶವಾಹಿಯಾಗಿ ಬರುವ ಇದರ ಸಾಮಾನ್ಯ ರೂಪದಲ್ಲಿ, ಅಪ್ಪನಿಗೋ ಅಮ್ಮನಿಗೋ ಕಾಯಿಲೆಯಿದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ಕಿಡ್ನಿಯ ತುಂಬ ನೀರುಗುಳ್ಳೆಗಳೆದ್ದರೂ ಉಳಿದ ಭಾಗ ಹೆಚ್ಚು ದುಡಿದು ವರ್ಷಗಟ್ಟಲೆ ಸರಿದೂಗಿಸುತ್ತದೆ. ಸಂಶೋಧಕರ ಕೈ ಕಟ್ಟಿಹಾಕಿದ್ದೂ ಇದೇ. ರಕ್ತಪರೀಕ್ಷೆಯಲ್ಲಿ ಏರುಪೇರು ಕಾಣುವುದೇ ಅಷ್ಟು ತಡವಾಗಿ ಎಂದಮೇಲೆ, ಔಷಧ ಕೆಲಸ ಮಾಡಿತೆಂದು ತೋರಿಸುವುದು ಹೇಗೆ?

ಅಮೆರಿಕದ ಕ್ಯಾನ್ಸಸ್ ವಿಶ್ವವಿದ್ಯಾಲಯದಲ್ಲಿ ಜೇರೆಡ್ ಗ್ರಂಥಮ್ ಜೀವಮಾನವಿಡೀ ಈ ಗುಳ್ಳೆಗಳ ಬೆನ್ನುಬಿದ್ದಿದ್ದರು. ಗುಳ್ಳೆಯ ಗೋಡೆಯ ಜೀವಕೋಶಗಳೇ ಒಳಕ್ಕೆ ದ್ರವ ಒಸರುತ್ತವೆ, ಅದಕ್ಕೆ ಸೈಕ್ಲಿಕ್ ಎಎಂಪಿ ಎಂಬ ರಾಸಾಯನಿಕದ ಕುಮ್ಮಕ್ಕಿದೆ ಎಂಬುದು ಹೀಗೆ ತಿಳಿದುಬಂತು. ಆ ರಾಸಾಯನಿಕವನ್ನು ಹೆಚ್ಚಿಸುವುದು ದೇಹದಲ್ಲಿ ನೀರು ಹಿಡಿದಿಡುವ ವಾಸೋಪ್ರೆಸಿನ್ ಹಾರ್ಮೋನು. ಮೇಯೊ ಕ್ಲಿನಿಕ್‌ನಲ್ಲಿ ವಿಸೆಂಟೆ ಟೊರೆಸ್ ಅವರ ತಂಡ ಕಿಡ್ನಿಗುಳ್ಳೆಯ ಇಲಿಗಳನ್ನು, ಹುಟ್ಟಿನಿಂದಲೇ ವಾಸೋಪ್ರೆಸಿನ್ ಇಲ್ಲದ ಇಲಿಗಳೊಂದಿಗೆ ಕೂಡಿಸಿ ಹೊಸ ಪೀಳಿಗೆ ಬೆಳೆಸಿತು. ಹಾರ್ಮೋನಿಲ್ಲದ ಮರಿಗಳಲ್ಲಿ ಗುಳ್ಳೆಗಳು ಹೆಚ್ಚುಕಡಿಮೆ ಏಳಲೇ ಇಲ್ಲ. ಅದೇ ಹಾರ್ಮೋನಿನಂತೆ ಕೆಲಸ ಮಾಡುವ ಔಷಧ ಕೊಟ್ಟೊಡನೆ ಎದ್ದವು. 2008ರ ಈ ಪ್ರಯೋಗದಷ್ಟು ನೇರವಾದ ಸಾಕ್ಷ್ಯ ವೈದ್ಯವಿಜ್ಞಾನದಲ್ಲಿ ಅಪರೂಪ.

ಮನುಷ್ಯರಲ್ಲಿ ತೋರಿಸಬೇಕಲ್ಲ? ಅದಕ್ಕೆ ದಾರಿ ಮೊದಲೇ ಸಿದ್ಧವಾಗಿತ್ತು. ‘ಕ್ರಿಸ್ಪ್’ ಅಧ್ಯಯನದಲ್ಲಿ 241 ರೋಗಿಗಳು ವರ್ಷವರ್ಷವೂ ಎಂಆರ್‌ಐ ಮಾಡಿಸಿಕೊಂಡರು. ಕಿಡ್ನಿಯ ಗಾತ್ರ ವರ್ಷಕ್ಕೆ ಸರಾಸರಿ ಶೇ 5ಕ್ಕಿಂತ ತುಸು ಹೆಚ್ಚು ಬೆಳೆಯುತ್ತದೆಂದು 2006ರಲ್ಲಿ ಪ್ರಕಟವಾಯಿತು. ಯಾವ ಔಷಧವನ್ನೂ ಪರೀಕ್ಷಿಸದ ಈ ಅಧ್ಯಯನವೇ ಎಲ್ಲಕ್ಕೂ ತಿರುವು ಎನ್ನುವುದು ನನ್ನ ಖಚಿತ ನಂಬಿಕೆ. ಕಾಯಿಲೆಗೆ ಕೊನೆಗೂ ಒಂದು ಅಳತೆಗೋಲು ಸಿಕ್ಕಿತ್ತು.

ಆ ಅಳತೆಗೋಲು ಹಿಡಿದೇ 1,445 ಮಂದಿಯ ಮೇಲೆ ವಾಸೋಪ್ರೆಸಿನ್ ತಡೆಯುವ ಟೋಲ್ವಾಪ್ಟಾನ್ ಮಾತ್ರೆಯ ಪರೀಕ್ಷೆ ನಡೆಯಿತು. ಮೂರು ವರ್ಷದ ಆ ಪರೀಕ್ಷೆಯ ಫಲಿತಾಂಶ ಬಂದದ್ದು 2012ರಲ್ಲಿ: ಔಷಧವಿಲ್ಲದ ಮಾತ್ರೆ ನುಂಗಿದವರಲ್ಲಿ ಕಿಡ್ನಿ ವರ್ಷಕ್ಕೆ ಶೇ 5.5 ಬೆಳೆದರೆ, ಔಷಧ ಪಡೆದವರಲ್ಲಿ ಶೇ 2.8. ಆದರೆ ಮಾತ್ರೆ ನುಂಗಿದವರಿಗೆ ತೀರದ ಬಾಯಾರಿಕೆ, ರಾತ್ರಿಯೆಲ್ಲ ಮೂತ್ರಕ್ಕೆ ಏಳುವ ಪಾಡು. ಕೆಲವರ ಲಿವರ್‌ಗೂ ಪೆಟ್ಟು. ಜಪಾನ್ 2014ರಲ್ಲಿ ಒಪ್ಪಿತು. ಅಮೆರಿಕದ ಎಫ್‌ಡಿಎ ಮಾತ್ರ 2013ರಲ್ಲೇ ಅನುಮತಿ ನಿರಾಕರಿಸಿ ಇನ್ನಷ್ಟು ಪುರಾವೆ ಕೇಳಿತ್ತು. ಕಾಯುತ್ತಿದ್ದ ಕುಟುಂಬಗಳಿಗೆ ಅದು ಸಣ್ಣ ಆಘಾತವಲ್ಲ. ಆದರೂ ಕೇಳಿದ್ದು ಸರಿಯಾಗಿತ್ತು. ಕಾಯಿಲೆ ಬಲಿತ 1,370 ಮಂದಿಯಲ್ಲಿ ನಡೆದ ಮತ್ತೊಂದು ಪರೀಕ್ಷೆ, ಗಾತ್ರವಷ್ಟೇ ಅಲ್ಲ, ರಕ್ತ ಸೋಸುವ ಶಕ್ತಿ ಕುಂದುವುದೂ ನಿಧಾನವಾಗುತ್ತದೆಂದು ತೋರಿಸಿತು. 2018ರ ಏಪ್ರಿಲ್‌ನಲ್ಲಿ ಅನುಮತಿ ಸಿಕ್ಕಿತು. ಜೊತೆಗೊಂದು ಷರತ್ತು: ಮೊದಲ ಹದಿನೆಂಟು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಮೂರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ತಪ್ಪುವಂತಿಲ್ಲ.