ಮಗಳು ಟೆಲಿಫೋನ್ ಇಂಜಿನಿಯರಿಂಗ್ ಅಪ್ರೆಂಟಿಸ್ ಆದರೆ?

ಮಗಳು ಟೀಚರು, ನರ್ಸು, ಬ್ಯಾಂಕಿನ ಕೆಲಸ ಎಂದರೆ ಕೇಳಿದವರಿಗೆ ತಟ್ಟನೆ ಅರ್ಥವಾಗುತ್ತದೆ. ‘ದೂರಸಂಪರ್ಕ ಇಂಜಿನಿಯರಿಂಗಿನಲ್ಲಿ ಅಪ್ರೆಂಟಿಸ್’ ಎಂದು ನೋಡಿ, ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. “ಅಂದ್ರೆ ಕಂಬ ಹತ್ತೋದಾ?” ಎಂದು ಕೇಳಿದವರೂ ಉಂಟು. ನಮ್ಮ ಮನೆಯಿಂದಲೇ ಒಬ್ಬಳು ಈ ಕೆಲಸ ಕಲಿಯುತ್ತಿದ್ದಾಳೆ. ಬಿ.ಇ. ಮುಗಿಸಿದ ಹೆಣ್ಣುಮಕ್ಕಳಿರುವ ತಾಯಂದಿರಿಗೆ ಉಪಯೋಗವಾದೀತು ಎಂದು ನಾನು ಕಂಡದ್ದು, ಕೇಳಿ ತಿಳಿದದ್ದು ಬರೆಯುತ್ತಿದ್ದೇನೆ.

ಹಳೆಯ ನಂಟು

ಟೆಲಿಫೋನಿಗೂ ಹೆಂಗಸರಿಗೂ ನಂಟು ಹೊಸದೇನಲ್ಲ. ಟ್ರಂಕ್ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲದಲ್ಲಿ ಆ ಕಡೆಯಿಂದ ಕೇಳಿಸುತ್ತಿದ್ದುದು ಎಷ್ಟೋ ಸಲ ಹೆಂಗಸಿನ ದನಿಯೇ. 1948ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಐ.ಟಿ.ಐ. ಕಾರ್ಖಾನೆಯಲ್ಲಿ ಟೆಲಿಫೋನಿನ ಸಣ್ಣ ಸಣ್ಣ ಭಾಗಗಳನ್ನು ಜೋಡಿಸಲು ಅನೇಕ ಹೆಣ್ಣುಮಕ್ಕಳು ಕುಳಿತಿದ್ದರು. ಆ ಜಾಗಕ್ಕೆ ದೂರವಾಣಿನಗರ ಎಂದೇ ಹೆಸರಾಯಿತು. 1984ರಲ್ಲಿ ಹುಟ್ಟಿದ ಸಿ-ಡಾಟ್ ಸಂಸ್ಥೆ ನಮ್ಮ ಹಳ್ಳಿಗಳ ಧೂಳು, ಸೆಕೆ ತಡೆದುಕೊಳ್ಳುವ ಪುಟ್ಟ ಎಕ್ಸ್‌ಚೇಂಜ್ ತಯಾರಿಸಿತಲ್ಲ, ಅದನ್ನು 1986ರಲ್ಲಿ ಮೊದಲು ಕೂರಿಸಿದ್ದು ನಮ್ಮ ಕಿತ್ತೂರಿನಲ್ಲಿ. ರಾಣಿ ಚೆನ್ನಮ್ಮನ ಊರಿಗೆ ತಕ್ಕ ಮರ್ಯಾದೆಯೇ ಅನ್ನಿ!

ಅಪ್ರೆಂಟಿಸ್ ಎಂದರೆ ಯಾರು?

ಕಲಿಯುತ್ತ ಕೆಲಸ ಮಾಡುವವರು. ಇದಕ್ಕೆಂದೇ 1961ರ ಅಪ್ರೆಂಟಿಸ್ ಕಾಯಿದೆ ಇದೆ. 1973ರಲ್ಲಿ ತಿದ್ದುಪಡಿಯಾಗಿ ಡಿಗ್ರಿ, ಡಿಪ್ಲೊಮಾ ಮಾಡಿದ ಇಂಜಿನಿಯರುಗಳೂ ಅದರೊಳಗೆ ಬಂದರು. ತರಬೇತಿ ಸಾಮಾನ್ಯವಾಗಿ ಒಂದು ವರ್ಷ. ತಿಂಗಳಿಗೆ ಸಂಬಳವಿಲ್ಲ, ‘ಸ್ಟೈಪೆಂಡ್’ ಉಂಟು. ಇಷ್ಟಕ್ಕಿಂತ ಕಡಿಮೆ ಕೊಡಕೂಡದೆಂದು ಸರ್ಕಾರವೇ ಗೊತ್ತು ಮಾಡುತ್ತದೆ, ಅದರಲ್ಲಿ ಒಂದು ಪಾಲನ್ನು ತಾನೂ ಭರಿಸುತ್ತದೆ. ವರ್ಷ ಪೂರ್ತಿಯಾದ ಮೇಲೆ ಸರ್ಟಿಫಿಕೇಟು ಸಿಗುತ್ತದೆ.

ಒಂದು ಮಾತು ಮಾತ್ರ ಮೊದಲೇ ತಿಳಿದಿರಬೇಕು. ತರಬೇತಿ ಮುಗಿದವರಿಗೆಲ್ಲ ಅಲ್ಲೇ ನೌಕರಿ ಕೊಟ್ಟೇ ಕೊಡಬೇಕೆಂಬ ಕಟ್ಟುಪಾಡು ಇಲ್ಲ. ಕೈಗೆ ಬರುವುದು ವಿದ್ಯೆ ಮತ್ತು ಕಾಗದ. ಮುಂದಿನದು ಅವಳ ಪ್ರಯತ್ನ.

ಕೂದಲಿನಂಥ ಗಾಜಿನ ಎಳೆ

ಈಗಿನ ಫೋನು, ಇಂಟರ್‌ನೆಟ್ ಎಲ್ಲ ಓಡುವುದು ಬಹುಮಟ್ಟಿಗೆ ಗಾಜಿನ ಎಳೆಯೊಳಗೆ, ಬೆಳಕಿನ ರೂಪದಲ್ಲಿ. ಇದೇ ಆಪ್ಟಿಕಲ್ ಫೈಬರ್. ಮಿಲಿಮೀಟರನ್ನು ಸಾವಿರ ಪಾಲು ಮಾಡಿದರೆ ಅದರಲ್ಲಿ 125 ಪಾಲಿನಷ್ಟು ದಪ್ಪ ಆ ಗಾಜು. ಬೆಳಕು ಹರಿಯುವ ನಡುಭಾಗವಂತೂ ಅಂಥ 9 ಪಾಲು ಮಾತ್ರ, ನಮ್ಮ ತಲೆಗೂದಲಿಗಿಂತ ಎಷ್ಟೋ ಸಣ್ಣದು! ರಸ್ತೆ ಅಗೆಯುವಾಗ ಜೆ.ಸಿ.ಬಿ. ತಗುಲಿ ಕೇಬಲ್ ತುಂಡಾದರೆ ಈ ಎಳೆಗಳನ್ನು ಒಂದೊಂದಾಗಿ ಮತ್ತೆ ಕೂಡಿಸಬೇಕು.

ಮಗಳು ಮೊದಲು ಕಲಿತದ್ದು ಇದನ್ನೇ. ಹೊರಗಿನ ಹೊದಿಕೆ ಬಿಡಿಸುವುದು, ಸ್ಪಿರಿಟ್ಟಿನಲ್ಲಿ ಒರೆಸುವುದು, ತುದಿಯನ್ನು ನೇರವಾಗಿ ಕತ್ತರಿಸುವುದು. ಆಮೇಲೆ ಎರಡು ತುದಿಗಳನ್ನು ಸ್ಪ್ಲೈಸಿಂಗ್ ಯಂತ್ರದಲ್ಲಿಟ್ಟರೆ ವಿದ್ಯುತ್ ಕಿಡಿಯ ಶಾಖಕ್ಕೆ ಗಾಜು ಕರಗಿ ಒಂದಾಗುತ್ತದೆ. ಮೇಲೊಂದು ಕೊಳವೆ ಹಾಕಿ ಬಿಸಿ ಮಾಡಿದರೆ ಬೆಸುಗೆ ಭದ್ರ. ತುದಿಯಲ್ಲಿ ಒಂದು ಧೂಳಿನ ಕಣ ಕೂತರೂ ಕತ್ತರಿಸಿ ಮತ್ತೆ ಮೊದಲಿನಿಂದ! ಎಳೆಗಳಿಗೆ ನೀಲಿ, ಕಿತ್ತಳೆ, ಹಸಿರು, ಕಂದು ಎಂದು 12 ಬಣ್ಣಗಳ ಕ್ರಮವಿದೆ. ಬಣ್ಣ ತಪ್ಪಿದರೆ ಯಾರದೋ ಲೈನು ಯಾರಿಗೋ. “ಅಮ್ಮಾ, ನೀನು ಮಲ್ಲಿಗೆ ಕನಕಾಂಬರ ಸೇರಿಸಿ ದಂಡೆ ಕಟ್ತೀಯಲ್ಲ, ಅಷ್ಟೇ ತಾಳ್ಮೆ ಸಾಕು” ಎನ್ನುತ್ತಾಳೆ.

ಕೇಬಲ್ ಎಲ್ಲಿ ತುಂಡಾಗಿದೆ ಎಂದು ಗೊತ್ತಾಗುವುದು ಹೇಗೆ? ಅದಕ್ಕೆ ಓ.ಟಿ.ಡಿ.ಆರ್. ಎಂಬ ಉಪಕರಣವಿದೆ. ಬಾವಿಗೆ ಬಗ್ಗಿ ಕೂಗಿದರೆ ದನಿ ಮರಳುತ್ತದಲ್ಲ, ಹಾಗೆಯೇ ಇದು ಬೆಳಕನ್ನು ಕಳಿಸಿ, ಅದು ಮರಳಲು ಹಿಡಿದ ಹೊತ್ತನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕಿನ ಓಟ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಆ ಲೆಕ್ಕದಿಂದ ಇಷ್ಟು ಕಿಲೋಮೀಟರಿನ ಬಳಿ ತುಂಡಾಗಿದೆ ಎಂದು ಕುಳಿತಲ್ಲೇ ಹೇಳಬಹುದು.

ಅಪಾಯವಿಲ್ಲವೇ?

ಇದೆ, ಆದರೆ ಶಿಸ್ತಿದ್ದರೆ ತಡೆಯಬಹುದು. ಫೈಬರಿನ ಬೆಳಕು ಕಣ್ಣಿಗೆ ಕಾಣದು, ಕಣ್ಣಿಗೆ ಕೆಡುಕು. ಹಾಗಾಗಿ ತುದಿಯೊಳಗೆ ಇಣುಕಕೂಡದು. ಕತ್ತರಿಸಿದ ಗಾಜಿನ ಚೂರು ಮುಳ್ಳಿನಂತೆ ಚರ್ಮಕ್ಕೆ ಹೊಕ್ಕುತ್ತದೆ. ಅದನ್ನು ಮುಚ್ಚಳದ ಡಬ್ಬಿಗೇ ಹಾಕಬೇಕು, ಆ ಜಾಗದಲ್ಲಿ ತಿಂಡಿ ತಿನ್ನಬಾರದು. ಟವರ್ ಹತ್ತುವುದು ತರಬೇತಿಯಾದವರ ಕೆಲಸ, ಮೈಗೆ ಸುರಕ್ಷಾ ಪಟ್ಟಿ ಇಲ್ಲದೆ ಯಾರೂ ಹತ್ತುವಂತಿಲ್ಲ.

ಬಂದ ಸಂಬಂಧ

ಈಚೆಗೆ ಅವಳಿಗೊಂದು ಸಂಬಂಧ ಬಂತು. ಹುಡುಗ, ಮನೆತನ ಎರಡೂ ಒಪ್ಪುವಂಥದ್ದೇ. “ಟ್ರೈನಿಂಗ್ ತಾನೇ, ಬಿಟ್ಟರೆ ನಷ್ಟವೇನು? ಮುಂದಿನ ತಿಂಗಳೇ ಮುಹೂರ್ತ ಇಟ್ಕೊಳ್ಳೋಣ” ಎಂದರು ಅವರ ಕಡೆಯವರು. ವರ್ಷ ತುಂಬಲು ಇನ್ನೂ ಐದು ತಿಂಗಳಿತ್ತು. ಮಧ್ಯದಲ್ಲಿ ಬಿಟ್ಟರೆ ಅಷ್ಟು ದಿನದ ದುಡಿಮೆಗೆ ಸರ್ಟಿಫಿಕೇಟಿನ ಆಧಾರವೂ ಇರದು. ಮಗಳು ಊಟ ಬಿಟ್ಟು ಮಂಕಾದಳು. ನಮ್ಮ ಯಜಮಾನರು ಎರಡು ದಿನ ಮಾತಾಡಲಿಲ್ಲ. ಒಳ್ಳೆಯ ಸಂಬಂಧ ತಪ್ಪೀತೆಂಬ ಅಳುಕು ನನಗೂ ಇತ್ತು.

ಕೊನೆಗೆ ಬಾಯಿಬಿಟ್ಟವರು ನಮ್ಮ ಅತ್ತೆ. ಅವರಿಗೆ ಎಪ್ಪತ್ತೆಂಟು ವರ್ಷ. “ಅನ್ನ ಅರ್ಧ ಬೆಂದಿರುವಾಗ ಯಾರಾದ್ರೂ ಒಲೆ ಆರಿಸ್ತಾರೇನೇ? ಐದು ತಿಂಗಳು ಕಾಯೋಕಾಗದೋರು ಐವತ್ತು ವರ್ಷ ಹೇಗೆ ಬಾಳಿಸ್ತಾರೆ?” ಎಂದರು. ಅದನ್ನೇ ಸ್ವಲ್ಪ ನಯವಾಗಿ ಹೇಳಿ ಕಳಿಸಿದೆವು. ಅವರಿಂದ ಉತ್ತರ ಇನ್ನೂ ಬಂದಿಲ್ಲ. ಮಗಳು ಮಾತ್ರ ಬೆಳಿಗ್ಗೆ ಏಳೂವರೆಯ ಬಸ್ಸು ತಪ್ಪಿಸಿಲ್ಲ.

ತಾಯಂದಿರು ಕೇಳಬೇಕಾದದ್ದು

* ಒಪ್ಪಂದ ಬರವಣಿಗೆಯಲ್ಲಿ ಆಗಿದೆಯೇ, ಸರ್ಕಾರದಲ್ಲಿ ನೋಂದಣಿಯಾಗಿದೆಯೇ? ಒಂದು ಪ್ರತಿ ಮನೆಯಲ್ಲಿರಲಿ.
* ಸ್ಟೈಪೆಂಡ್ ಅವಳ ಹೆಸರಿನ ಬ್ಯಾಂಕ್ ಖಾತೆಗೇ ಬರುತ್ತದೆಯೇ? ಸೇರಿಸಿಕೊಳ್ಳಲು ಹಣ ಕೇಳುವ ಮಧ್ಯವರ್ತಿಗಳನ್ನು ನಂಬಬೇಡಿ.
* ಕೆಲಸದಲ್ಲಿ ಪೆಟ್ಟಾದರೆ ಪರಿಹಾರ ಕೊಡುವ ಹೊಣೆ ಮಾಲೀಕರದು. ಇದು ಕಾಯಿದೆಯಲ್ಲೇ ಇದೆ.
* ಹೊರಗಿನ ಕೆಲಸಕ್ಕೆ ಯಾರ ಜೊತೆ ಕಳಿಸುತ್ತಾರೆ, ಹೊತ್ತಾದರೆ ಮನೆಗೆ ಬಿಡುವ ವ್ಯವಸ್ಥೆ ಏನು?
* ದಿನದ ಕೆಲಸ ಬರೆದಿಡಲು ಒಂದು ನೋಟ್‌ಬುಕ್ಕು ಕೊಡಿಸಿ. ಮುಂದೆ ಇಂಟರ್‌ವ್ಯೂಗೆ ಹೋದಾಗ ಅದೇ ಅವಳ ಬಂಡವಾಳ.

ಇನ್ನು ನಾವು ಮಾಡಬೇಕಾದದ್ದು ಬಹಳವಿಲ್ಲ. ಬೆಳಿಗ್ಗೆ ಡಬ್ಬಿ ಕಟ್ಟಿಕೊಡುವುದು, ಸಂಜೆ ಬಂದಾಗ “ಇವತ್ತು ಏನು ಕಲಿತೆಯೇ?” ಎಂದು ಕೂರಿಸಿಕೊಂಡು ಕೇಳುವುದು. ಕೇಳುತ್ತ ಕೇಳುತ್ತ ನಮಗೂ ನಾಲ್ಕು ಅಕ್ಷರ ತಿಳಿಯುತ್ತದೆ.