ಅಜ್ಜನ ವಾಚಿಗೆ ಬೇಕಾಗಿದೆ ಒಂದು ಬಿಡಿಭಾಗ

ಬೀರುವಿನ ಮೂಲೆಯಲ್ಲಿ ಹಳೆಯ ಪಾಸ್‌ಬುಕ್ಕು, ಕಾಲು ಮುರಿದ ಕನ್ನಡಕಗಳ ನಡುವೆ ಒಂದು ಕೈಗಡಿಯಾರ ಬಿದ್ದಿರುವ ಮನೆಗಳು ನಮ್ಮಲ್ಲಿ ಎಷ್ಟೋ. 'ಎಚ್‌ಎಂಟಿ ಜನತಾ' ಎಂಬ ಅಕ್ಷರ ಮಸುಕಾಗಿದೆ. ಗಾಜಿನ ತುಂಬ ಗೀರು. ಕೀ ಕೊಡುವ ತಿರುಪು ಎಲ್ಲಿ ಬಿದ್ದುಹೋಯಿತೋ ಯಾರಿಗೂ ಗೊತ್ತಿಲ್ಲ. ಅಜ್ಜನಿಗೆ ಮದುವೆಯಲ್ಲಿ ಮಾವನ ಮನೆಯವರು ಕೊಟ್ಟದ್ದೋ, ಅಪ್ಪನಿಗೆ ಎಸ್ಸೆಸ್ಸೆಲ್ಸಿ ಪಾಸಾದಾಗ ಸಿಕ್ಕಿದ್ದೋ ಇರಬೇಕು. ಬೇಸಿಗೆ ರಜೆಯಲ್ಲಿ ಅದು ಮಗನ ಕೈಗೆ ಸಿಗುತ್ತದೆ. 'ಅಪ್ಪಾ, ಇದು ಮತ್ತೆ ನಡೆಯುತ್ತಾ?'

ನಡೆಯುತ್ತದೆ. ಯಂತ್ರವನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿ ಜೋಡಿಸುವ ಕುಶಲಿಗಳು ಇನ್ನೂ ಇದ್ದಾರೆ. ಅವರನ್ನೂ ಕಂಗೆಡಿಸುವುದು ಬಿಡಿಭಾಗಗಳ ಹುಡುಕಾಟ.

ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್‌ಎಂಟಿ ಬೆಂಗಳೂರಿನಲ್ಲಿ ವಾಚಿನ ಕಾರ್ಖಾನೆ ಆರಂಭಿಸಿದ್ದು 1961ರಲ್ಲಿ. ಮುಂದೆ ತುಮಕೂರಿನಲ್ಲೂ ಕಾರ್ಖಾನೆ ಬಂತು. ಕೋಟಿಗಟ್ಟಲೆ ವಾಚುಗಳು ದೇಶದ ಕೈ ಸೇರಿದವು. ಬ್ಯಾಟರಿಯ ಕ್ವಾರ್ಟ್ಸ್ ವಾಚುಗಳು ಬಂದ ಮೇಲೆ ಕೀ ಕೊಡುವ ವಾಚನ್ನು ಕೇಳುವವರು ಕಡಿಮೆಯಾದರು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚಸ್ ಕಂಪನಿಯನ್ನು ಮುಚ್ಚುವ ತೀರ್ಮಾನ ಮಾಡಿತು. ಹೊಸ ಬಿಡಿಭಾಗ ತಯಾರಿಸುವ ಕಾರ್ಖಾನೆಯೇ ಇಲ್ಲವಾದ ಮೇಲೆ ಉಳಿದಿರುವುದು ಅಂಗಡಿಗಳ ಡಬ್ಬಿಯಲ್ಲಿರುವ ಹಳೆಯ ದಾಸ್ತಾನು, ಮತ್ತು ಸತ್ತುಹೋದ ವಾಚುಗಳು.

ಹುಡುಕಲು ಹೊರಡುವ ಮೊದಲು ಒಂದು ಕೆಲಸವಿದೆ. ಡಯಲ್ ಮೇಲಿನ ಹೆಸರು ನೋಡಿ ಅಂಗಡಿಗೆ ಓಡಬಾರದು. ಹಿಂಬದಿಯ ಮುಚ್ಚಳ ತೆಗೆಸಿ ಭೂತಗನ್ನಡಿಯಲ್ಲಿ ನೋಡಿದರೆ ಯಂತ್ರದ ಫಲಕದ ಮೇಲೆ, ಸಾಮಾನ್ಯವಾಗಿ ಬ್ಯಾಲೆನ್ಸ್ ಚಕ್ರದ ಆಸುಪಾಸು, ಒಂದು ಪುಟ್ಟ ಸಂಖ್ಯೆ ಇರುತ್ತದೆ. ಅದು ಕ್ಯಾಲಿಬರ್ ಸಂಖ್ಯೆ, ಅಂದರೆ ಯಂತ್ರದ ಜಾತಕ. ಜನತಾ, ಪೈಲಟ್ ಇವೆಲ್ಲ ಹೊರಗೆ ಬೇರೆ ಬೇರೆ ಮುಖದವು. ಒಳಗೆ ಹೆಚ್ಚಾಗಿ ಒಂದೇ ಕುಟುಂಬದ 020 ಅಥವಾ 0231. ತೆಳ್ಳಗಿನ ಸೋನಾ ವಾಚಿನ ಯಂತ್ರ ಬೇರೆಯೇ. ಅದರ ಭಾಗ ಜನತಾಕ್ಕೆ ಕೂಡುವುದಿಲ್ಲ. ಸ್ವಿಸ್ ವಾಚುಗಳಲ್ಲಂತೂ ಈ ಮಾತು ಇನ್ನೂ ಮುಖ್ಯ. ಎ.ಎಸ್., ಎಫ್.ಎಚ್.ಎಫ್.ನಂಥ ಕೆಲವೇ ಕಾರ್ಖಾನೆಗಳ ಯಂತ್ರಗಳನ್ನು ಹತ್ತಾರು ಕಂಪನಿಗಳು ಕೊಂಡು ತಮ್ಮ ಹೆಸರಿನಲ್ಲಿ ಮಾರುತ್ತಿದ್ದವು. ಹೆಸರೇ ಕೇಳದ ಕಂಪನಿಯ ವಾಚಿಗೂ ಭಾಗ ಸಿಗುವುದು ಈ ಕಾರಣಕ್ಕೇ.

ಗಾಜು ಸುಲಭ. ಅದು ನಿಜವಾಗಿ ಅಕ್ರಿಲಿಕ್ ಪ್ಲಾಸ್ಟಿಕ್. ವ್ಯಾಸವನ್ನು ಮಿಲಿಮೀಟರಿನ ಹತ್ತನೆಯ ಒಂದು ಭಾಗದವರೆಗೆ ಅಳೆದು ಕೇಳಿದರೆ ಸಾಕು. ತಿರುಪಿಗೆ ಅದರ ಕಡ್ಡಿಯ ಮರೆ ಹೊಂದಬೇಕು. ಒಳಗಿನ ದೊಡ್ಡ ಸ್ಪ್ರಿಂಗು ಶಕ್ತಿ ಕುಂದಿದ್ದರೆ ಅಗಲ, ದಪ್ಪ, ಉದ್ದ ಮೂರೂ ಸರಿಹೊಂದುವುದನ್ನೇ ಹುಡುಕಬೇಕು. ದಪ್ಪ ತುಸು ಹೆಚ್ಚಾದರೂ ಬ್ಯಾಲೆನ್ಸ್ ಚಕ್ರ ಮಿತಿಮೀರಿ ಹೊಯ್ದಾಡಿ ಗಂಟೆ ಮುಂದೋಡುತ್ತದೆ.

ನಿಜವಾದ ತಲೆನೋವು ಈ ಬ್ಯಾಲೆನ್ಸ್ ಚಕ್ರವೇ. ಗಂಟೆಗೆ 18,000 ಸಲ, ಅಂದರೆ ಸೆಕೆಂಡಿಗೆ 5 ಸಲ ಅತ್ತಿತ್ತ ತೂಗುವ ಇದರ ಅಚ್ಚಿನ ತುದಿ ಕೂದಲೆಳೆಯಷ್ಟು ಸಣ್ಣದು. ವಾಚು ನೆಲಕ್ಕೆ ಬಿದ್ದರೆ ಮೊದಲು ಪೆಟ್ಟು ತಿನ್ನುವುದು ಅದೇ. ಅಚ್ಚೊಂದನ್ನೇ ಬದಲಿಸಲು ಪುಟ್ಟ ಲೇತ್ ಯಂತ್ರ ಬೇಕು, ಅದಕ್ಕಿಂತ ಹೆಚ್ಚಾಗಿ ಪಳಗಿದ ಕೈ ಬೇಕು. ಚಕ್ರ ಮತ್ತು ಅದರ ಸುರುಳಿ ಸ್ಪ್ರಿಂಗು ಒಂದಕ್ಕೊಂದು ಹೊಂದಿಸಿದ ಜೋಡಿ. ಒಂದರ ಚಕ್ರಕ್ಕೆ ಇನ್ನೊಂದರ ಸ್ಪ್ರಿಂಗು ಹಾಕಿದರೆ ಸಮಯ ಕೆಡುತ್ತದೆ. ಹಾಗಾಗಿ ಬಹಳ ಮಂದಿ ಅದೇ ಕ್ಯಾಲಿಬರಿನ ಕೆಟ್ಟ ವಾಚೊಂದನ್ನು ಭಾನುವಾರದ ಗುಜರಿ ಸಂತೆಯಲ್ಲಿ ಕೊಂಡು, ಅದರ ಜೋಡಿಯನ್ನು ಇದಕ್ಕೆ ಹಾಕಿಸುತ್ತಾರೆ. ಕೊಳ್ಳುವಾಗ ವಾಚನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಚಕ್ರ ಸಲೀಸಾಗಿ ತೂಗಿದರೆ ಆಸೆ ಇಟ್ಟುಕೊಳ್ಳಬಹುದು. ತುಕ್ಕು ಕಂಡರೆ ಕೆಳಗಿಡುವುದೇ ಲೇಸು.

ಇಲ್ಲೇ ಮೋಸಕ್ಕೂ ಜಾಗ. ಹಳೆಯ ವಾಚೆಂದು ಮಾರುವ ಎಷ್ಟೋ ಮಾಲಿನಲ್ಲಿ ಡಯಲ್ ಹೊಸದಾಗಿ ಅಚ್ಚು ಹಾಕಿದ್ದು. ಕಂಪನಿ ಎಂದೂ ತಯಾರಿಸದ ಬಣ್ಣ, ಓರೆಯಾದ ಅಕ್ಷರ ಕಂಡರೆ ಅನುಮಾನಿಸಬೇಕು. ಮೂಲ ಡಯಲಿನ ಹಿಂದೆ ಎರಡು ಪುಟ್ಟ ಕಾಲುಗಳಿರುತ್ತವೆ. ಅವನ್ನು ಕತ್ತರಿಸಿ ಅಂಟಿನಿಂದ ಕೂರಿಸಿದ್ದರೆ ಅದು ಬೇರೆ ಯಂತ್ರದ ಡಯಲ್.

ಮನೆಯ ವಾಚಿನ ಡಯಲನ್ನೂ ಬದಲಿಸಿ ಥಳಥಳಿಸುವಂತೆ ಮಾಡಿಸೋಣವೇ? ಮಕ್ಕಳಿಗೆ ಹೊಸದೇ ಚೆಂದ. ಆದರೆ ಅಜ್ಜ ಬಸ್ಸಿಗೆ ಕಾಯುತ್ತ ನೋಡಿದ್ದು ಆ ಹಳದಿಗಟ್ಟಿದ ಡಯಲನ್ನೇ. ಯಂತ್ರದ ಭಾಗ ಬದಲಿಸಿ, ಮುಖವನ್ನು ಹಾಗೇ ಬಿಡುವುದು ಮೇಲು. 1960ಕ್ಕೂ ಹಿಂದಿನ, ಕತ್ತಲಲ್ಲಿ ಹೊಳೆಯುವ ಬಣ್ಣದ ವಿದೇಶಿ ವಾಚಾದರೆ ಆ ಬಣ್ಣದಲ್ಲಿ ರೇಡಿಯಂ ಇರಬಹುದು. ಹೊಳಪು ನಿಂತುಹೋಗಿದ್ದರೂ ವಿಕಿರಣ ನಿಂತಿರುವುದಿಲ್ಲ. ಅದನ್ನು ಮಕ್ಕಳು ಬಿಚ್ಚಬಾರದು, ಕೆರೆಯಲೇಬಾರದು.

ರಿಪೇರಿಗೆ ಕೊಡುವ ಮುನ್ನ ತೆರೆದ ಯಂತ್ರದ ಫೋಟೋ ತೆಗೆದುಕೊಂಡು, ಯಾವ ಭಾಗ ಬದಲಾಗುತ್ತದೆಂದು ಬರೆಸಿಕೊಳ್ಳಿ. ತೆಗೆದ ಹಳೆಯ ಭಾಗಗಳನ್ನು ಪೊಟ್ಟಣ ಕಟ್ಟಿ ಹಿಂದಕ್ಕೆ ಕೊಡಲು ಹೇಳಿ. ನಾಚಿಕೆ ಬೇಡ, ಒಳ್ಳೆಯ ಕೆಲಸಗಾರರು ಕೇಳದೆಯೇ ಕೊಡುತ್ತಾರೆ.