ಸಿಂಪರಣಾ ಯಂತ್ರದ ಬದಲಿ ಮೋಟಾರಿಗೆ ತಕ್ಕ ವೋಲ್ಟೇಜ್

ಕಳೆನಾಶಕ ಸಿಂಪಡಿಸಲು ಉಪಯೋಗಿಸುವ ತಿರುಗುತಟ್ಟೆಯ ಕೈಯಂತ್ರದಲ್ಲಿ ಪಂಪು ಇರುವುದಿಲ್ಲ. ಹಲ್ಲುಳ್ಳ ಒಂದು ಸಣ್ಣ ಪ್ಲಾಸ್ಟಿಕ್ ತಟ್ಟೆಯನ್ನು ಪುಟ್ಟ ಮೋಟಾರು ತಿರುಗಿಸುತ್ತದೆ. ತಟ್ಟೆಯ ಮೇಲೆ ಬಿದ್ದ ದ್ರಾವಣವು ಅಂಚಿನಿಂದ ಸಿಡಿದು ಹನಿಯಾಗುತ್ತದೆ. ಈ ಮೋಟಾರು ಕೆಟ್ಟಾಗ ಅದೇ ಜಾತಿಯದು ಸಿಕ್ಕುವುದು ಕಷ್ಟ. ಪೇಟೆಯಲ್ಲಿ ಸಿಕ್ಕಿದ 6 ವೋಲ್ಟ್ ಮೋಟಾರನ್ನು ಕೂರಿಸಿ, ಮನೆಯಲ್ಲಿರುವ ಬೆನ್ನುಪಂಪಿನ 12 ವೋಲ್ಟ್ ಬ್ಯಾಟರಿಗೆ ನೇರವಾಗಿ ಜೋಡಿಸುವುದುಂಟು. ಮೋಟಾರು ತಿರುಗುತ್ತದೆ, ಬಹಳ ಚುರುಕಾಗಿಯೇ ತಿರುಗುತ್ತದೆ. ತೊಂದರೆ ಇರುವುದು ಅಲ್ಲಿಯೇ.

ಇಂಥ ಮೋಟಾರಿನ ವೇಗವು ಹೆಚ್ಚುಕಡಿಮೆ ವೋಲ್ಟೇಜನ್ನು ಅನುಸರಿಸುತ್ತದೆ. ವೋಲ್ಟೇಜು ಇಮ್ಮಡಿಯಾದರೆ ವೇಗವೂ ಇಮ್ಮಡಿಯ ಹತ್ತಿರ ಬರುತ್ತದೆ, ಹನಿಯ ವ್ಯಾಸ ಸುಮಾರು ಅರ್ಧಕ್ಕೆ ಇಳಿಯುತ್ತದೆ. ವ್ಯಾಸ ಅರ್ಧವಾದರೆ ಗಾತ್ರ ಎಂಟನೆಯ ಒಂದು ಭಾಗ. ಕಳೆನಾಶಕಕ್ಕೆ 200 ರಿಂದ 300 ಮೈಕ್ರಾನ್ ಹನಿ ಬೇಕು. ಅದಕ್ಕೆ ತಟ್ಟೆ ನಿಮಿಷಕ್ಕೆ ಸುಮಾರು 2,000 ಸುತ್ತು ತಿರುಗಿದರೆ ಸಾಕು. ಹನಿ ನೂರು ಮೈಕ್ರಾನ್‌ಗೆ ಇಳಿದರೆ ಅದು ನೆಲಕ್ಕೆ ಬೀಳುವ ಬದಲು ಗಾಳಿಯಲ್ಲಿ ತೇಲುತ್ತದೆ. ಹಾವೇರಿಯ ಕಡೆ ಗೋವಿನಜೋಳ ಮತ್ತು ಹತ್ತಿ ಅಕ್ಕಪಕ್ಕದ ಹೊಲಗಳಲ್ಲಿರುತ್ತವೆ. ಜೋಳಕ್ಕೆ ಹೊಡೆದ 2,4-ಡಿ ಬದು ದಾಟಿದರೆ ನೆರೆಯವರ ಹತ್ತಿಯ ಎಲೆಗಳು ಸೀಳಿ, ಬೆಂಡೆಯ ಎಲೆಯಂತೆ ಕಿರಿದಾಗುತ್ತವೆ. ದ್ರಾಕ್ಷಿ, ಟೊಮ್ಯಾಟೊ ಸಹ ಇದೇ ರೀತಿ ಸೂಕ್ಷ್ಮ. ಮೋಟಾರು ಸುಟ್ಟರೆ ಅಂಗಡಿಯಲ್ಲಿ ಇನ್ನೊಂದು ಸಿಗುತ್ತದೆ. ಕೆಟ್ಟ ಬೆಳೆಗೆ ಆ ಉಪಾಯವಿಲ್ಲ.

ವೋಲ್ಟೇಜ್ ಇಳಿಸಲು ಮೊದಲು ನೆನಪಿಗೆ ಬರುವುದು ರೋಧಕ. ಮೋಟಾರು 0.5 ಆಂಪಿಯರ್ ಎಳೆಯುತ್ತದೆ ಎಂದಿಟ್ಟುಕೊಳ್ಳೋಣ. ಉಳಿದ 6 ವೋಲ್ಟನ್ನು ಕಳೆಯಲು 12 ಓಮ್ ರೋಧಕ ಬೇಕು. ಅದರಲ್ಲಿ 3 ವ್ಯಾಟ್ ಶಾಖವಾಗಿ ಹೋಗುತ್ತದೆ. ರೇಡಿಯೋದಲ್ಲಿರುವಂಥ ಚಿಕ್ಕ ರೋಧಕ ಸುಟ್ಟು ಹೋದೀತು, 10 ವ್ಯಾಟಿನದು ಬೇಕು. ಲೆಕ್ಕವೇನೋ ಸರಿ. ಆದರೆ ಮೋಟಾರು ಯಾವಾಗಲೂ ಅರ್ಧ ಆಂಪಿಯರನ್ನೇ ಎಳೆಯುವುದಿಲ್ಲ. ದ್ರಾವಣ ಮುಗಿದು ತಟ್ಟೆ ಬರಿದಾದಾಗ 0.25 ಆಂಪಿಯರ್‌ಗೆ ಇಳಿದರೆ ರೋಧಕದಲ್ಲಿ ಕಳೆಯುವುದು 3 ವೋಲ್ಟ್ ಮಾತ್ರ, ಮೋಟಾರಿಗೆ 9 ವೋಲ್ಟ್ ಸಿಗುತ್ತದೆ. ದ್ರಾವಣ ಹೆಚ್ಚು ಬಿದ್ದು 0.7 ಆಂಪಿಯರ್ ಆದರೆ ಉಳಿಯುವುದು 3.6 ವೋಲ್ಟ್, ತಟ್ಟೆ ಸೋಲುತ್ತದೆ, ದಪ್ಪ ಹನಿ ತೊಟ್ಟಿಕ್ಕುತ್ತದೆ. ಹೀಗೆ ಹನಿಯ ಗಾತ್ರ ಸಾಲಿನಿಂದ ಸಾಲಿಗೆ ಬದಲಾಗುವುದು ಬೇಡ. ಸಿಂಪರಣೆಗೆ ರೋಧಕ ತಕ್ಕ ಸಾಧನವಲ್ಲ.

6 ವೋಲ್ಟಿನ ಎರಡು ಬ್ಯಾಟರಿ ಸರಣಿಯಲ್ಲಿರುವಲ್ಲಿ ಒಂದರಿಂದ ಮಾತ್ರ ವಿದ್ಯುತ್ ತೆಗೆಯುವುದೂ ಸರಿಯಲ್ಲ. ಒಂದು ಬರಿದಾಗಿ ಇನ್ನೊಂದು ತುಂಬಿರುತ್ತದೆ. ಒಟ್ಟಿಗೆ ಚಾರ್ಜು ಮಾಡುವಾಗ ತುಂಬಿದ್ದು ಮಿತಿಮೀರಿ ಕಾಯುತ್ತದೆ. ಟ್ರಾನ್ಸ್‌ಫಾರ್ಮರ್ ಬ್ಯಾಟರಿಯ ನೇರ ವಿದ್ಯುತ್ತಿಗೆ ಕೆಲಸ ಮಾಡುವುದಿಲ್ಲ. ಇನ್ನು ಮನೆಯ 230 ವೋಲ್ಟ್ ಲೈನಿಗೆ ಬಲ್ಬನ್ನೋ ಫ್ಯಾನ್ ರೆಗ್ಯುಲೇಟರನ್ನೋ ಅಡ್ಡ ಹಾಕಿ ಮೋಟಾರನ್ನು ಪರೀಕ್ಷಿಸಲು ಯಾರೂ ಹೋಗಬಾರದು. ಬಲ್ಬು ವಿದ್ಯುತ್ತಿನ ಪ್ರಮಾಣವನ್ನು ಕಡಿಮೆ ಮಾಡಬಹುದು, ತಂತಿಯಲ್ಲಿನ ಅಪಾಯವನ್ನಲ್ಲ. ಒದ್ದೆ ಕೈ, ಒದ್ದೆ ನೆಲದ ಮೇಲೆ ಅದು ಪ್ರಾಣ ತೆಗೆಯುತ್ತದೆ.

ಸರಿಯಾದ ಉಪಾಯವೆಂದರೆ ರೇಡಿಯೋ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುವ, ನೇರ ವಿದ್ಯುತ್ತಿನ ವೋಲ್ಟೇಜ್ ಇಳಿಸುವ ‘ಬಕ್ ಕನ್ವರ್ಟರ್’ ಎಂಬ ಚಿಕ್ಕ ಫಲಕ. ಇದು ಹೆಚ್ಚಿನ ವೋಲ್ಟೇಜನ್ನು ಶಾಖವಾಗಿ ಸುಡದೆ, ವಿದ್ಯುತ್ತನ್ನು ಅತಿ ವೇಗವಾಗಿ ಹಾಯಿಸಿ ತಡೆದು, ಸುರುಳಿಯ ಮೂಲಕ ಸಮನಾಗಿಸುತ್ತದೆ. ಹೊರೆ ಬದಲಾದರೂ 6 ವೋಲ್ಟ್ 6 ಆಗಿಯೇ ನಿಲ್ಲುತ್ತದೆ. ಮೋಟಾರಿನ 3 ವ್ಯಾಟ್ ಕೆಲಸಕ್ಕೆ ಬ್ಯಾಟರಿಯಿಂದ ಸುಮಾರು 0.3 ಆಂಪಿಯರ್ ಸಾಕು, ರೋಧಕವಾದರೆ 0.5. ಮೋಟಾರು ಹೊರಡುವಾಗ ನಾಲ್ಕಾರು ಪಟ್ಟು ಎಳೆಯುವುದರಿಂದ ಫಲಕವು 3 ಆಂಪಿಯರ್ ತಡೆಯುವಂತಿರಲಿ.

ಜೋಡಿಸುವ ಕ್ರಮ ಮುಖ್ಯ. ಬ್ಯಾಟರಿಯ ಧನ ತುದಿಯ ಪಕ್ಕದಲ್ಲೇ 2 ಆಂಪಿಯರ್ ಫ್ಯೂಸು ಇರಬೇಕು. ತಂತಿ ಉಜ್ಜಿ ತಗುಲಿದಾಗ ಬೆನ್ನ ಮೇಲಿನ ಬ್ಯಾಟರಿ ತಂತಿಯನ್ನು ಕೆಂಪಗೆ ಕಾಯಿಸಬಲ್ಲದು. ಅದನ್ನು ತಡೆಯುವುದು ಈ ಫ್ಯೂಸು ಒಂದೇ. ಧನ, ಋಣ ತುದಿಗಳು ಅದಲುಬದಲಾದರೆ ಫಲಕ ಕ್ಷಣದಲ್ಲಿ ಕೆಡುತ್ತದೆ. ಮೋಟಾರನ್ನು ಜೋಡಿಸುವ ಮೊದಲು ಹೊರತುದಿಗೆ ಮೀಟರ್ ಹಿಡಿದು, ಫಲಕದ ಸಣ್ಣ ತಿರುಪನ್ನು ತಿರುಗಿಸಿ 6 ವೋಲ್ಟಿಗೆ ತರಬೇಕು. ಅಂಗಡಿಯಿಂದ ತಂದ ಫಲಕ ಎಷ್ಟಕ್ಕೆ ಇರಿಸಲ್ಪಟ್ಟಿದೆಯೋ ಹೇಳಲು ಬಾರದು. ನಂತರ ತಿರುಪಿನ ಮೇಲೆ ಒಂದು ಹನಿ ಉಗುರುಬಣ್ಣ ಹಚ್ಚಿದರೆ ಕುಲುಕಾಟಕ್ಕೆ ಸರಿಯುವುದಿಲ್ಲ. ಫಲಕವನ್ನು ನೀರು ಹೋಗದ ಡಬ್ಬಿಯಲ್ಲಿಡಬೇಕು.

ವೋಲ್ಟೇಜ್ ಸರಿಯಿದ್ದರೂ ಬದಲಿ ಮೋಟಾರಿನ ವೇಗ ಹಳೆಯದರಷ್ಟೇ ಇರಬೇಕೆಂದಿಲ್ಲ. ಮೋಟಾರು ಸುತ್ತುವ ಅಂಗಡಿಯಲ್ಲಿ ವೇಗಮಾಪಕವಿದ್ದರೆ ತಟ್ಟೆಯ ಸುತ್ತುಗಳನ್ನು ಅಳೆಸುವುದು ಒಳ್ಳೆಯದು. ವೇಗ ಹೆಚ್ಚಿದ್ದರೆ ತಿರುಪಿನಿಂದಲೇ ಇಳಿಸಬಹುದು. ಇಲ್ಲವಾದರೆ ಬಣ್ಣದ ನೀರನ್ನು ಬಿಳಿ ಕಾಗದದ ಮೇಲೆ ಸಿಂಪಡಿಸಿ ನೋಡಬೇಕು. ಚುಕ್ಕೆಗಳು ಬಿಡಿಬಿಡಿಯಾಗಿ ಕಾಣಬೇಕು. ತಟ್ಟೆಯ ಸುತ್ತ ಮಂಜು ಕವಿದಂತಾದರೆ ವೇಗ ಹೆಚ್ಚೆಂದು ತಿಳಿಯಬೇಕು.

ಎರಡು ಸಂಗತಿಗಳಿಗೆ ಕಿವಿ, ಕಣ್ಣು ಬೇಕು. ಫಲಕ ಕೆಟ್ಟರೆ ಕೆಲವೊಮ್ಮೆ ಪೂರಾ 12 ವೋಲ್ಟ್ ಮೋಟಾರಿಗೆ ಹರಿಯುತ್ತದೆ. ಮೋಟಾರು ಎಳೆಯುವುದು ಕಡಿಮೆಯಾದ್ದರಿಂದ ಫ್ಯೂಸು ಹಾರದೇ ಇರಬಹುದು. ಸದ್ದು ಏಕಾಏಕಿ ಕೀರಲಾದರೆ ದ್ರಾವಣವನ್ನು ಕೂಡಲೇ ನಿಲ್ಲಿಸಬೇಕು. ಇನ್ನೊಂದು, ಬ್ಯಾಟರಿ ಸೋಲುತ್ತಿದ್ದರೂ ಫಲಕವು 6 ವೋಲ್ಟ್ ಕೊಡುತ್ತಲೇ ಇರುತ್ತದೆ. ಮೋಟಾರು ನಿಧಾನವಾಗಿ ಎಚ್ಚರಿಸುವುದಿಲ್ಲ. ಸೀಸದ ಬ್ಯಾಟರಿ ಪೂರಾ ಬರಿದಾದರೆ ಬೇಗ ಹಾಳಾಗುವುದರಿಂದ ಟ್ಯಾಂಕ್ ತುಂಬಿಸುವಾಗೆಲ್ಲ ಮೀಟರ್ ಹಿಡಿದು ನೋಡಿ, 11.5 ವೋಲ್ಟಿನ ಹತ್ತಿರ ಬಂದೊಡನೆ ಚಾರ್ಜಿಗೆ ಹಾಕಬೇಕು.